ಪದ ಬೇಕಿದೆ, ತುರ್ತು: ಆಟದ ‘ಪ್ಯಾರಿ’, ಜೊತೆಗೆ ಜೋಂಬಿಗೆ ಒಂದು ಹೆಸರು

ದಾವಣಗೆರೆಯಿಂದ, ಬುಧವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಎರಡು ಪದ ಬೇಕು. ನಾಳೆ ಸಂಜೆ ನಾಲ್ಕಕ್ಕೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಅದಕ್ಕೇ ಈ ಸಲ ದಯವಿಟ್ಟು ಹಳಗನ್ನಡದಿಂದ ಶುರು ಮಾಡಬೇಡಿ.

ನಮ್ಮೂರಿನ ನಾಲ್ಕು ಎಂಜಿನಿಯರಿಂಗ್ ಹುಡುಗರು ಒಂದು ಆನ್‌ಲೈನ್ ಆಟ ಮಾಡಿದ್ದಾರೆ. ಮುಚ್ಚಿಹೋದ ಹತ್ತಿ ಗಿರಣಿ. ರಾತ್ರಿ ಪಾಳಿಯ ಸೈರನ್ ತಾನಾಗೇ ಕೂಗುತ್ತದೆ, ಒಳಗಿಂದ ಜೋಂಬಿಗಳು ಬರುತ್ತವೆ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನ ಹುಡುಗರಿಗೆ ಗಿರಣಿ ಅಂದರೆ ದೆವ್ವದ ಮನೆ ಅಂತ ಹೊಳೆದಿದೆಯಲ್ಲ, ಸ್ವಲ್ಪ ಬೇಜಾರಾಯಿತು. ನಮ್ಮಪ್ಪ ಅದೇ ಸೈರನ್ ಕೇಳಿ ಗಡಿಯಾರ ಸರಿಮಾಡುತ್ತಿದ್ದರು. ಇರಲಿ. ಶನಿವಾರ ಕಾಲೇಜಿನಲ್ಲಿ ಪ್ರದರ್ಶನ. ಬಟನ್‌ಗಳೆಲ್ಲ ಕನ್ನಡದಲ್ಲೇ ಇರಬೇಕು ಅನ್ನುವುದು ಹುಡುಗರ ಹಟ, ನನ್ನದಲ್ಲ.

ಮೊದಲನೆಯದು ‘ಪ್ಯಾರಿ’. ಬ್ಲಾಕ್‌ಗೆ ‘ತಡೆ’, ಡಾಡ್ಜ್‌ಗೆ ‘ತಪ್ಪಿಸು’ ಅಂತ ಇಟ್ಟಾಗಿದೆ. ಪ್ಯಾರಿ ಎರಡೂ ಅಲ್ಲ. ತಡೆದರೆ ಏಟು ಬೀಳುತ್ತದೆ, ಕಡಿಮೆ ಬೀಳುತ್ತದೆ ಅಷ್ಟೇ, ಜೊತೆಗೆ ದಮ್ಮು ಖರ್ಚು. ತಪ್ಪಿಸಿಕೊಂಡರೆ ನೀವು ಪಕ್ಕಕ್ಕೆ, ಏಟು ಗಾಳಿಗೆ. ಪ್ಯಾರಿಯಲ್ಲಿ ನಿಂತ ಜಾಗ ಬಿಡುವ ಹಾಗಿಲ್ಲ. ಏಟು ಇನ್ನೇನು ತಾಗಬೇಕು, ಆಗ ಅದನ್ನ ಪಕ್ಕಕ್ಕೆ ಅಟ್ಟುವುದು. ಎದುರಿನವನು ತೂರಾಡುತ್ತಾನೆ, ಎದೆ ತೆರೆದುಕೊಳ್ಳುತ್ತದೆ, ಆಮೇಲೆ ನಿಮ್ಮ ಸರದಿ. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಇದಕ್ಕೆ 6 ಫ್ರೇಮ್ ಕೊಟ್ಟಿದ್ದಾರೆ. ಸೆಕೆಂಡಿನ ಹತ್ತನೇ ಒಂದು ಭಾಗ. ನಾನು ಹನ್ನೊಂದು ಸಲ ಸತ್ತೆ.

ಎರಡನೆಯದು ಜೋಂಬಿ. ಮೂರನೆಯದೂ ಇದೆ, ಈಗ ನೆನಪಾಯಿತು. ಆಟದ ನಡುವೆ ಒಂದು ಗೇಟು ಬರುತ್ತದೆ. ಆಚೆ ಗಿರಣಿಯ ಕಾವಲುಗಾರ. ಅವನಿಗೆ ಕಚ್ಚಿದೆ, ಆದರೆ ಇನ್ನೂ ಮಾತಾಡುತ್ತಿದ್ದಾನೆ. ಗೇಟು ತೆಗೆಯುವುದೋ ಬೇಡವೋ, ಎಂಟು ಸೆಕೆಂಡಿನಲ್ಲಿ ಹೇಳಬೇಕು. ಆ ಪರದೆಯ ತಲೆಬರಹ ಸದ್ಯಕ್ಕೆ ‘ಮಾರಲ್ ಚಾಯ್ಸ್’. ಏನು ಬರೆಯೋಣ?

*

ಚಿತ್ರದುರ್ಗದಿಂದ, ಗುರುವಾರ ಬೆಳಗ್ಗೆ

‘ವರಸೆ’ ಇರುವಾಗ ಈ ಪ್ರಶ್ನೆ ಯಾಕೆ ಬಂತೋ ತಿಳಿಯಲಿಲ್ಲ. ಕತ್ತಿವರಸೆ, ದೊಣ್ಣೆವರಸೆ ಕೇಳಿಲ್ಲವೇ? ಜೋಂಬಿಗೆ ‘ಜೀವಚ್ಛವ’. ಮೂರನೆಯದಕ್ಕೆ ‘ಧರ್ಮಸಂಕಟ’. ಮೂರೂ ನಿಘಂಟಿನಲ್ಲಿವೆ. ನಿಘಂಟು ಕಪಾಟಿನಲ್ಲಿದೆ.

*

ದಾವಣಗೆರೆಯಿಂದ, ಗುರುವಾರ ಬೆಳಗ್ಗೆ

ಮೇಷ್ಟ್ರೇ, ವರಸೆ ಅಂದರೆ ಸಾಲು ಅಲ್ವಾ? ಸಂಗೀತದ ಪಾಠದಲ್ಲಿ ಸರಳೆ ವರಸೆ, ಜಂಟಿ ವರಸೆ ಅನ್ನುವುದು ಸ್ವರಗಳ ಸಾಲಿಗೇ. ದೊಣ್ಣೆವರಸೆಯೂ ಒಂದರ ಹಿಂದೊಂದು ಬರುವ ಏಟುಗಳ ಸಾಲು. ಪ್ಯಾರಿ ಒಂದೇ ಒಂದು ಚಲನೆ. ಹುಡುಗರಿಗೆ ತೋರಿಸಿದೆ. ಅವರು ‘ವರಸೆ’ಯನ್ನ ತಕ್ಷಣ ಕಿತ್ತುಕೊಂಡು ಏಟುಗಳ ಸಾಲು ಬಿಡುವ ಕಾಂಬೋ ಬಟನ್‌ಗೆ ಅಂಟಿಸಿದರು. ಅದಕ್ಕೆ ಥ್ಯಾಂಕ್ಸ್. ಪ್ಯಾರಿ ಇನ್ನೂ ಖಾಲಿ.

ಜೀವಚ್ಛವ ಉಲ್ಟಾ ಆಗುತ್ತದೆ. ಜೀವ ಇದ್ದೂ ಹೆಣದ ಹಾಗೆ ಬಿದ್ದವನು ಜೀವಚ್ಛವ. ಜೋಂಬಿ ಹೆಣವಾಗಿದ್ದೂ ಎದ್ದು ಬರುವಂಥದ್ದು. ಮೂರು ದಿನ ನಿದ್ದೆಗೆಟ್ಟ ಈ ಹುಡುಗರಿಗೆ ಜೀವಚ್ಛವ ಅನ್ನಬಹುದು.

*

ಬೆಂಗಳೂರಿನಿಂದ, ಗುರುವಾರ

ಜೀವಚ್ಚವ, ದರ್ಮಸಂಕಟ ಎರಡೂ ಸಂಸ್ಕ್ರುತದಿಂದ ತಂದ ಎರವಲು. ‘ನಡೆಹೆಣ’ ಅನ್ನಿ, ಮುಗಿಯಿತು. ಪ್ಯಾರಿಗೆ ‘ಮರುತಟ್ಟು’. ಮೂರನೆಯದಕ್ಕೆ ‘ಇಬ್ಬಂದಿ’. ಕನ್ನಡದಲ್ಲಿ ಪದ ಕಟ್ಟಲು ಬರದವರಶ್ಟೇ ಬೇರೆ ನುಡಿಯ ಬಾಗಿಲು ತಟ್ಟುವುದು.

*

ಚಿತ್ರದುರ್ಗದಿಂದ, ಗುರುವಾರ ಮಧ್ಯಾಹ್ನ

‘ಸಂಸ್ಕ್ರುತ’ ಅಂತ ಬರೆಯುವವರ ಜೊತೆ ನಾನು ವಾದ ಮಾಡುವುದಿಲ್ಲ. ಮೊದಲು ಕಾಗುಣಿತ.

ಆದರೂ ಒಂದು ಮಾತು. ಹೆಣ ಹಳೆಯ ‘ಪೆಣ’. ಸಮಾಸದಲ್ಲಿ ಪಕಾರಕ್ಕೆ ವಕಾರ ಆದೇಶ. ಬೆಲೆ, ಪೆಣ್ಣು ಸೇರಿ ಬೆಲೆವೆಣ್ಣು ಆದ ಹಾಗೆ ಇದು ‘ನಡೆವೆಣ’ ಆಗಬೇಕು. ಅಚ್ಚಗನ್ನಡ ಅಂತ ಎದೆ ತಟ್ಟಿಕೊಳ್ಳುವವರಿಗೆ ಕೇಶಿರಾಜ ಹದಿಮೂರನೇ ಶತಮಾನದಲ್ಲೇ ಹೇಳಿಟ್ಟ ಸಂಧಿ ಗೊತ್ತಿಲ್ಲ. ಅವನು ತತ್ಸಮ, ತದ್ಭವಗಳನ್ನ ಹೊರಗಟ್ಟಲಿಲ್ಲ. ಸಂಸ್ಕೃತ ಕನ್ನಡ ಬೆಸೆಯುವಾಗ ಅರಿಸಮಾಸ ಮಾಡಬೇಡಿ ಅಂದ, ಅಷ್ಟೇ. ನೀವು ಕಟ್ಟುವುದೆಲ್ಲ ಕೇಳಿದರೆ ಅಡಿಗೆಮನೆಯಲ್ಲಿ ತಟ್ಟೆ ಬಿದ್ದ ಹಾಗಿರುತ್ತದೆ.

*

ಹರಿಹರದಿಂದ, ಗುರುವಾರ ಮಧ್ಯಾಹ್ನ

‘ನಡೆವೆಣ’ ಅಂತ ಫ್ಲೆಕ್ಸ್ ಹಾಕಿದರೆ ಹುಡುಗರು ನಡೆಯುವ ಹೆಣ್ಣು ಅಂತ ಓದುತ್ತಾರೆ, ಹುಷಾರು.

ಪ್ಯಾರಿಗೆ ‘ತಿರುಗೇಟು’ ಆಗಲ್ವಾ? ಪೇಪರಿನಲ್ಲಿ ದಿನಾ ಬರುತ್ತೆ, ಇವರಿಗೆ ಅವರ ತಿರುಗೇಟು, ಅವರಿಗೆ ಇವರ ತಿರುಗೇಟು. ಜೋಂಬಿಗೆ ‘ಬೇತಾಳ’ ಯಾಕಾಗಬಾರದು? ಅದೂ ಹೆಣದೊಳಗೆ ಕೂತಿರುತ್ತೆ.

*

ದಾವಣಗೆರೆಯಿಂದ, ಗುರುವಾರ ಮಧ್ಯಾಹ್ನ

ತಿರುಗೇಟು ಪ್ಯಾರಿ ಆದಮೇಲೆ ಕೊಡುವ ಏಟು. ಒಂದು ಹೆಜ್ಜೆ ಮುಂದೆ ಹೋದಿರಿ. ಹುಡುಗರಿಗೆ ಅದೂ ಬೇಕಾಗಿತ್ತು, ತೆಗೆದುಕೊಂಡರು.

ಬೇತಾಳ ನನಗೆ ಇಷ್ಟವಾಯಿತು, ಆದರೆ ಕೂರಲ್ಲ. ಬೇತಾಳನಿಗೆ ಬುದ್ಧಿ ಜಾಸ್ತಿ. ಹೆಗಲ ಮೇಲೆ ಕೂತು ಕಥೆ ಹೇಳಿ, ಕೊನೆಗೆ ಇವರಲ್ಲಿ ಸರಿ ಯಾರು ಅಂತ ಕೇಳುತ್ತಾನೆ. ಗೊತ್ತಿದ್ದೂ ಹೇಳದಿದ್ದರೆ ವಿಕ್ರಮನ ತಲೆ ಹೋಳು. ಹೇಳಿದರೆ ಬೇತಾಳ ಮತ್ತೆ ಮರಕ್ಕೆ. ನೋಡಿದರೆ ಆ ಎಂಟು ಸೆಕೆಂಡಿನ ಪರದೆಯೇ ಬೇತಾಳ, ಜೋಂಬಿ ಅಲ್ಲ. ಜೋಂಬಿ ಏನೂ ಕೇಳುವುದಿಲ್ಲ, ಸುಮ್ನೆ ಬರುತ್ತದೆ.

*

ಚಳ್ಳಕೆರೆಯಿಂದ, ಗುರುವಾರ ಮಧ್ಯಾಹ್ನ

ಪ್ಯಾರಿ ಅಂತಲೇ ಬರೆಯಿರಿ. ಜೋಂಬಿ ಅಂತಲೇ ಬರೆಯಿರಿ. ಆಡುವ ಹುಡುಗರು ಹಾಗೇ ಅನ್ನುವುದು.

ಇಂಗ್ಲಿಷಿನವರು ಪ್ಯಾರಿಯನ್ನ ಫ್ರೆಂಚಿನಿಂದ ತಂದರು, ಜೋಂಬಿಯನ್ನ ಹೈಟಿಯಿಂದ ಎತ್ತಿಕೊಂಡರು. ಹೈಟಿಗೆ ಅದು ಆಫ್ರಿಕಾದಿಂದ ಬಂದ ಗುಲಾಮರ ಜೊತೆ ಬಂದಿದ್ದು. ಯಾರೂ ದಾರಿಯಲ್ಲಿ ನಿಲ್ಲಿಸಿ ಕಾಗುಣಿತ ಕೇಳಲಿಲ್ಲ. ಅಚ್ಚಗನ್ನಡದವರೇ, ಕುಸ್ತಿ ಪಾರ್ಸಿ ಪದ, ಆಡುವುದು ಬಿಡುತ್ತೀರಾ? ಪಗಾರ ಪೋರ್ಚುಗೀಸು, ಬೇಡ ಅನ್ನುತ್ತೀರಾ?

*

ಬೆಂಗಳೂರಿನಿಂದ, ಗುರುವಾರ

ಪಗಾರ ಬೇಡ. ‘ಸಂಬಳ’ ಇದೆ.

*

ಚಿತ್ರದುರ್ಗದಿಂದ, ಗುರುವಾರ ಮಧ್ಯಾಹ್ನ

ಸಂಬಳದ ಮೂಲ ಸಂಸ್ಕೃತ. ‘ಶಂಬಲ’, ದಾರಿಯ ಬುತ್ತಿ. ನೋಡಿಕೊಳ್ಳಿ.

*

ಹರಿಹರದಿಂದ, ಗುರುವಾರ ಮಧ್ಯಾಹ್ನ

ದುರ್ಗದವರು ಊರಲ್ಲೇ ಇರುವ ಪದ ಬಿಟ್ಟು ಪೆಣ, ಪೆಣ್ಣು ಅಂತ ಕೂತಿದ್ದಾರೆ. ಆಟದಲ್ಲಿ ‘ಚೋಕ್ ಪಾಯಿಂಟ್’ ಅಂತ ಇರುತ್ತಲ್ಲ, ಎಷ್ಟೇ ಜನ ಬಂದರೂ ಒಬ್ಬೊಬ್ಬರಾಗಿ ನುಸುಳಬೇಕಾದ ಜಾಗ? ಅದಕ್ಕೆ ‘ಕಿಂಡಿ’ ಅನ್ನಿ. ಓಬವ್ವ ಒನಕೆ ಹಿಡಿದು ನಿಂತದ್ದು ಅಂಥ ಜಾಗದಲ್ಲೇ. ಒಬ್ಬ ತಲೆ ತೂರಿಸಿದ, ಏಟು, ಹೆಣ ಪಕ್ಕಕ್ಕೆ, ಮುಂದಿನವನು. ಹೈದರಾಲಿಯ ಸೈನ್ಯಕ್ಕೆ ಪ್ಯಾರಿ ಮಾಡುವಷ್ಟೂ ಜಾಗ ಸಿಗಲಿಲ್ಲ.

*

ಚಿತ್ರದುರ್ಗದಿಂದ, ಗುರುವಾರ ಮಧ್ಯಾಹ್ನ

ಇದಕ್ಕೆ ಆಕ್ಷೇಪವಿಲ್ಲ.

*

ದಾವಣಗೆರೆಯಿಂದ, ಗುರುವಾರ ರಾತ್ರಿ

ನಾಲ್ಕು ಗಂಟೆಯ ಗಡುವು ಮುಗಿದಿದೆ. ಏನು ಕೊಟ್ಟೆ ಅಂತ ಹೇಳಿಬಿಡುತ್ತೇನೆ.

ಪ್ಯಾರಿ ಪದಕ್ಕೆ ಮಧ್ಯಾಹ್ನ ಗರಡಿಮನೆಗೆ ಹೋಗಿದ್ದೆ. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿ ಬೆಳೆದ ಊರಿನವನು ಪದಕ್ಕೆ ಫೋನು ನೋಡುತ್ತ ಕೂತಿದ್ದೆನಲ್ಲ ಅಂತ ನಾಚಿಕೆಯಾಯಿತು. ಹಳೇ ಪೈಲ್ವಾನರೊಬ್ಬರು ಬಾಗಿಲಲ್ಲೇ ಕೂತಿದ್ದರು. ಫ್ರೇಮು, ಬಟನ್ನು ಏನೂ ಹೇಳಲಿಲ್ಲ. ಕತ್ತಿನ ಪಟ್ಟು ಹಾಕುವವನ ಹಾಗೆ ಅವರ ಕಡೆ ಕೈ ಚಾಚಿದೆ. ಕೂತಲ್ಲಿಂದ ಏಳಲಿಲ್ಲ ಅವರು. ಮುಂಗೈಯನ್ನ ನನ್ನ ಮಣಿಕಟ್ಟಿಗೆ ಒಳಗಿನಿಂದ ಒಂದು ಸಲ ತಾಗಿಸಿದರು, ಅಷ್ಟೇ. ನನ್ನ ಕೈ ಬಾಗಿಲ ಚೌಕಟ್ಟಿಗೆ ಹೋಗಿ ಬಡಿಯಿತು, ನಾನು ಅವರ ಮಡಿಲಿಗೆ. ‘ಇದಕ್ಕೆ ಏನಂತೀರಿ’ ಅಂದೆ. ‘ಇದಕ್ಕೇನಂತಾರೆ? ಕೈ ಕೊಡವೋದು’ ಅಂದರು. ಇಂಥದ್ದಕ್ಕೂ ಹೆಸರು ಕೇಳುತ್ತಾನಲ್ಲ ಅನ್ನುವ ಮುಖ. ಮಣಿಕಟ್ಟು ಇನ್ನೂ ನೋಯುತ್ತಿದೆ.

‘ಕೊಡವು’. ಮೂರು ಅಕ್ಷರ, ಬಟನ್‌ಗೆ ಸರಿಯಾಗಿ ಕೂರುತ್ತದೆ. ತಡೆ, ತಪ್ಪಿಸು, ಕೊಡವು. ಇದು ಹೊಸದಾಗಿ ಕಟ್ಟಿದ ಪದವೂ ಅಲ್ಲ, ಎರವಲೂ ಅಲ್ಲ. ಇಬ್ಬರಿಗೂ ಜಗಳಕ್ಕೆ ಜಾಗವಿಲ್ಲ.

ಜೋಂಬಿ ವಿಷಯದಲ್ಲಿ ಮಾತ್ರ ನನ್ನ ತಲೆ ಕೆಟ್ಟಿತು. ಹುಡುಗರಲ್ಲಿ ಒಬ್ಬ ‘ಸೋಂಕಿತ’ ಅಂದ. ಕೇಳಲು ಚೆನ್ನಾಗಿದೆ. ಕನ್ನಡದ ಸೋಂಕಿಗೆ ಸಂಸ್ಕೃತದ ಬಾಲ ಯಾಕೆ ಅಂತ ಮೇಷ್ಟ್ರು ಬಯ್ಯುತ್ತಾರೆ ಅನ್ನುವುದು ಬೇರೆ ಮಾತು. ನಾನು ಬೇಡ ಅಂದದ್ದು ಅದಕ್ಕಲ್ಲ. 2020ರಲ್ಲಿ ನಮ್ಮ ಎದುರುಮನೆಯ ಗೇಟಿಗೆ ಒಂದು ಚೀಟಿ ಅಂಟಿಸಿದ್ದರು. ಅದರಲ್ಲಿ ಈ ಪದ ಇತ್ತು. ಹದಿನೈದು ದಿನ ಹಾಲಿನ ಹುಡುಗ ಪ್ಯಾಕೆಟ್ಟನ್ನ ಆ ಗೇಟಿನ ಸರಳಿಗೆ ಸಿಕ್ಕಿಸಿ ಓಡುತ್ತಿದ್ದ. ನಾನೂ ಆ ಕಡೆ ನೋಡುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಈಗ ಅದೇ ಪದದ ಮೇಲೆ ‘ಹೊಡಿ’ ಅಂತ ಬಟನ್ ಇಡುವುದು ನನ್ನ ಕೈಯಲ್ಲಿ ಆಗಲಿಲ್ಲ.

‘ದಿ ವಾಕಿಂಗ್ ಡೆಡ್’ ನೋಡಿದವರಿಗೆ ನಾನು ಹೇಳುವುದು ಬೇಗ ಗೊತ್ತಾಗುತ್ತದೆ. 2010ರಿಂದ 2022ರವರೆಗೆ 11 ಸೀಸನ್ ಓಡಿದ ಜೋಂಬಿ ಧಾರಾವಾಹಿ. ಎರಡನೇ ಸೀಸನ್‌ನಲ್ಲಿ ಹರ್ಷಲ್ ಅಂತ ಒಬ್ಬ ದನದ ಡಾಕ್ಟರ್ ಬರುತ್ತಾನೆ. ಕಚ್ಚಿಸಿಕೊಂಡು ಬದಲಾದ ಹೆಂಡತಿಯನ್ನ, ಮಲಮಗನನ್ನ, ಅಕ್ಕಪಕ್ಕದವರನ್ನ ಕೊಟ್ಟಿಗೆಯಲ್ಲಿ ಕೂಡಿಹಾಕಿ ಸಾಕುತ್ತಿರುತ್ತಾನೆ. ಅವನ ಲೆಕ್ಕದಲ್ಲಿ ಅವರು ಕಾಯಿಲೆಯವರು. ಉಳಿದವರ ಬಾಯಲ್ಲಿ ಅವು ‘ವಾಕರ್’ಗಳು. ಕಾಯಿಲೆಯವರು ಅಂದರೆ ಗುಂಡು ಹೊಡೆಯುವುದು ಕೊಲೆ. ವಾಕರ್ ಅಂದರೆ ಕಸ ಗುಡಿಸಿದ ಹಾಗೆ. ಕೊನೆಗೆ ಕೊಟ್ಟಿಗೆಯ ಬಾಗಿಲು ಒಡೆದು ಒಂದೊಂದನ್ನೇ ಉರುಳಿಸುತ್ತಾರೆ, ಕೈ ನಡುಗದೆ. ಎಲ್ಲ ಮುಗಿಯಿತು ಅನ್ನುವಾಗ ಒಳಗಿಂದ ಒಂದು ಹುಡುಗಿ ಬರುತ್ತಾಳೆ. ಅವರೇ ಕಾಡೆಲ್ಲ ಹುಡುಕುತ್ತಿದ್ದ ಸೋಫಿಯಾ. ಆಗ ಎಲ್ಲರ ಕೈಯೂ ನಿಂತುಹೋಗುತ್ತದೆ. ಅವಳಿಗೆ ಮೊದಲೇ ಒಂದು ಹೆಸರಿತ್ತಲ್ಲ.

ನಾವು ಇಲ್ಲಿ ಬೆಳಗಿನಿಂದ ಸಂಧಿ, ಮೂಲ ಅಂತ ಜಗಳವಾಡಿದೆವು. ನಡೆಹೆಣ ಅಂದರೆ ಗೇಟು ತೆಗೆಯುವ ಪ್ರಶ್ನೆಯೇ ಏಳುವುದಿಲ್ಲ, ಹೆಣಕ್ಕೆ ಯಾರು ಗೇಟು ತೆಗೆಯುತ್ತಾರೆ? ಸೋಂಕಿತ ಅಂದರೆ ತೆಗೆಯಲೇಬೇಕು ಅನ್ನಿಸುತ್ತದೆ. ಎಂಟು ಸೆಕೆಂಡಿನಲ್ಲಿ ಆಡುವವನು ಮಾಡಬೇಕಾದ ತೀರ್ಮಾನವನ್ನ ಪದ ಇಡುವ ನಾನು ಮೊದಲೇ ಮಾಡಿಬಿಟ್ಟ ಹಾಗೆ. ಅದಕ್ಕೇ ಚಳ್ಳಕೆರೆಯವರ ಮಾತು ಅರ್ಧ ಒಪ್ಪಿದೆ. ಗಿರಣಿಯಿಂದ ಬರುವವಕ್ಕೆ ಜೋಂಬಿ ಅಂತಲೇ ಇಟ್ಟೆವು. ದೂರದ ಪದ, ನಮ್ಮ ಎದುರುಮನೆಯವರು ಯಾರೂ ಅದರೊಳಗಿಲ್ಲ. ಗೇಟಿನ ಪರದೆಯಲ್ಲಿ ಮಾತ್ರ ಜೋಂಬಿಯೂ ಇಲ್ಲ, ಹೆಣವೂ ಇಲ್ಲ. ‘ವಾಚ್‌ಮನ್ ಕರೀತಿದ್ದಾನೆ’ ಅಂತ ಒಂದು ಸಾಲು, ಕೆಳಗೆ ‘ತೆಗಿ’, ‘ತೆಗೀಬೇಡ’.

ತಲೆಬರಹಕ್ಕೆ ಧರ್ಮಸಂಕಟವನ್ನೂ ಇಬ್ಬಂದಿಯನ್ನೂ ಇಟ್ಟು ತೋರಿಸಿದೆ. ಆಟ ಮಾಡಿದ ಹುಡುಗಿಯೊಬ್ಬಳು ಎರಡನ್ನೂ ಅಳಿಸಿ ‘ಏನ್ ಮಾಡ್ತೀಯ?’ ಅಂತ ಟೈಪ್ ಮಾಡಿದಳು.

*

ಚಿತ್ರದುರ್ಗದಿಂದ, ಗುರುವಾರ ರಾತ್ರಿ

ಕೇಳಿದ್ದು ಪದ. ಇಟ್ಟದ್ದು ವಾಕ್ಯ. ಅದೂ ಆಡುಮಾತಿನದು. ಇದಕ್ಕೆ ನಮ್ಮನ್ನೆಲ್ಲ ಯಾಕೆ ಕೆಲಸಕ್ಕೆ ಹಚ್ಚಿದಿರಿ?

*

ಚಳ್ಳಕೆರೆಯಿಂದ, ಶುಕ್ರವಾರ

‘ಕೊಡವು’ ಚೆನ್ನಾಗಿದೆ, ಒಂದೇ ತೊಂದರೆ. ನಮ್ಮ ಕಡೆ ಕಂಬಳಿ ನೇಯುವ ಊರು, ಕೊಡವುವುದು ಅಂದರೆ ಕಂಬಳಿಯೇ ಕಣ್ಣಿಗೆ ಬರುವುದು. ಜೋಂಬಿಯನ್ನ ಕೊಡವಿದರೆ ಧೂಳು ಬರುತ್ತಾ?

*

ದಾವಣಗೆರೆಯಿಂದ, ಶನಿವಾರ

ಬೆಳಗ್ಗೆ ಫ್ಲೆಕ್ಸ್ ಬಂತು. ಎಂಟಡಿ ಉದ್ದ. ದಪ್ಪ ಕೆಂಪು ಅಕ್ಷರದಲ್ಲಿ ‘ತಡೆ, ತಪ್ಪಿಸು, ಕೆಡವು’. ಅಂಗಡಿಯವನು ‘ಕೊ’ವನ್ನ ‘ಕೆ’ ಅಂತ ಓದಿಕೊಂಡಿದ್ದ. ಮತ್ತೆ ಹಾಕಿಸಲು ಹೊತ್ತಿರಲಿಲ್ಲ, ದುಡ್ಡೂ ಇರಲಿಲ್ಲ. ಹಾಗೇ ಕಟ್ಟಿದರು. ಆಡಲು ಬಂದವರು ಯಾರೂ ಕೇಳಲಿಲ್ಲ. ಅರ್ಧಕ್ಕೆ ಅರ್ಧ ಜನ ಗೇಟು ತೆಗೆಯಲಿಲ್ಲ. ತೆಗೆದವರಲ್ಲಿ ಒಬ್ಬಳು ಸತ್ತ ಮೇಲೂ ಎದ್ದು ಹೋಗದೆ ಪರದೆ ನೋಡುತ್ತಾ ಕೂತಿದ್ದಳು.

*

ಬೆಂಗಳೂರಿನಿಂದ, ಶನಿವಾರ

‘ಕೆಡವು’ ‘ಕೊಡವು’ಗಿಂತ ಚೆನ್ನಾಗಿದೆ. ಅದನ್ನೇ ಉಳಿಸಿಕೊಳ್ಳಿ.

*

ಚಿತ್ರದುರ್ಗದಿಂದ, ಶನಿವಾರ

ಅಚ್ಚಿನ ತಪ್ಪಿನಿಂದ ಪದ ಕಟ್ಟುವುದು ಈಗ ಹೊಸ ವ್ಯಾಕರಣವೋ?

*

ದಾವಣಗೆರೆಯಿಂದ, ಶನಿವಾರ ರಾತ್ರಿ

‘ಕೂಲ್‌ಡೌನ್’ಗೆ ಪದ ಕೇಳುತ್ತಿದ್ದಾರೆ. ಒಂದು ವರಸೆ ಬಳಸಿದ ಮೇಲೆ ಅದನ್ನೇ ಮತ್ತೆ ಬಳಸಲು ಕಾಯಬೇಕಾದ ಹೊತ್ತು. ಈ ಸಲ ಗಡುವಿಲ್ಲ.