ರಾಮಾಚಾರಿ, ಗಡ್ಡಪ್ಪ ಮತ್ತು ನಮ್ಮ ಮೇಷ್ಟ್ರು

"ನಿಮಗೆ ತುಂಬ ಇಷ್ಟವಾದ ಸಿನಿಮಾ ಯಾವುದು?" ಅಂತ ಕೇಳಿ ನೋಡಿ. ಯಾರೂ ಥಟ್ಟನೆ ನಿಜ ಹೇಳುವುದಿಲ್ಲ. ಮೊದಲು ಎದುರಿಗೆ ಕೂತವರ ಮುಖ ನೋಡುತ್ತಾರೆ. ಎದುರಿಗಿರುವವರು ಜುಬ್ಬಾ ತೊಟ್ಟು, ಹೆಗಲಿಗೆ ಚೀಲ ಹಾಕಿಕೊಂಡಿದ್ದರೆ ಪ್ರಶಸ್ತಿ ಬಂದ ಸಿನಿಮಾದ ಹೆಸರು ಹೊರಗೆ ಬರುತ್ತದೆ. ಆಟೋ ಓಡಿಸುವವರಾಗಿದ್ದರೆ ಶಂಕರ್‌ನಾಗ್ ಸಿನಿಮಾ. ಹೆಣ್ಣು ಕೊಡುವ ಮಾವ ಕೇಳಿದರಂತೂ 'ಬಂಗಾರದ ಮನುಷ್ಯ'. ಅದು ಬಿಟ್ಟು ಬೇರೆ ಹೇಳಿದ ಗಂಡುಂಟೇ?

ನಮ್ಮ ಸೀನನೂ ಹಾಗೇ ಮಾಡಿದ. ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿ ಬಂದು, ಎದುರಿನ ರಸ್ತೆಯಲ್ಲಿ ಕಾಫಿ ಕುಡಿಯುತ್ತಾ ಕೂರುವುದು ನಮ್ಮ ಪದ್ಧತಿ. ಸುತ್ತುವುದು ಅಂದರೆ ಅರ್ಧ ಸುತ್ತು. ಮಿಕ್ಕಿದ್ದು ಮಾತು. ಮಾತು ಸಿನಿಮಾ ಕಡೆಗೆ ಹೊರಳಿತು. ಸೀನ ಲೋಟ ಕೆಳಗಿಟ್ಟು, ಗಂಟಲು ಸರಿ ಮಾಡಿಕೊಂಡು, "ನನಗೆ ಯಾವತ್ತಿದ್ರೂ 'ಘಟಶ್ರಾದ್ಧ'ವೇ. ಕಾಸರವಳ್ಳಿ ಅಂದ್ರೆ ಕಾಸರವಳ್ಳಿ" ಅಂದ.

ಪಕ್ಕದಲ್ಲೇ ಅವನ ಹೆಂಡತಿ ಪದ್ಮ ಇದ್ದಾರೆ ಅನ್ನುವುದನ್ನು ಮರೆತಿದ್ದ.

"ರೀ, ಅದನ್ನ ನೀವು ಯಾವಾಗ ನೋಡಿದ್ರಿ? ಟೀವೀಲಿ ಹಾಕಿದಾಗ ಕಾಲು ಗಂಟೆಗೇ ಗೊರಕೆ ಶುರುವಾಗಿತ್ತಲ್ಲ?"

"ಅದು ಗೊರಕೆ ಅಲ್ಲ ಕಣೇ. ಕಣ್ಣು ಮುಚ್ಚಿಕೊಂಡು ಮನಸ್ಸಿಗೆ ತಗೋತಿದ್ದೆ."

"ಸರಿ, ಹಾಗಿದ್ರೆ ಅದರಲ್ಲಿ ನಾಣಿ ಯಾರು ಹೇಳಿ."

ಸೀನ ಕೆರೆ ಕಡೆ ನೋಡಿದ. "ಅದೇ... ಆ ಹುಡುಗಿಯ ಸೋದರಮಾವ."

ನಾಣಿ ವೇದ ಕಲಿಯಲು ಬಂದ ಪುಟ್ಟ ಹುಡುಗ. ಇಡೀ ಕಥೆಯನ್ನು ನಾವು ನೋಡುವುದೇ ಅವನ ಕಣ್ಣಿನಿಂದ. 1977ರ ಆ ಸಿನಿಮಾಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು. ಮಲಗಿದವರು ಎದ್ದು ಇನ್ನೊಮ್ಮೆ ನೋಡಲೇಬೇಕಾದ ಸಿನಿಮಾ ಅದು, ಸುಮ್ನೆ ಹೇಳ್ತಿಲ್ಲ. ಆದರೆ ಸೀನನಿಗೆ ಇಷ್ಟವಾದದ್ದು ಅದಲ್ಲ. ಅದು ಅವನು ಬೈಠಕ್ ಖಾನೆಯಲ್ಲಿಟ್ಟ ಷೋಕೇಸಿನ ಗೊಂಬೆ.

ಆಗ ಪದ್ಮ ಒಂದು ಪರೀಕ್ಷೆ ಸೂಚಿಸಿದರು. ರಾತ್ರಿ ಊಟವಾದ ಮೇಲೆ ರಿಮೋಟ್ ಒತ್ತುತ್ತಾ ಹೋಗುತ್ತೀರಲ್ಲ, ಬೆರಳು ಎಲ್ಲಿ ನಿಲ್ಲುತ್ತೋ ಅದೇ ನಿಮ್ಮ ಇಷ್ಟದ ಸಿನಿಮಾ. ಅಷ್ಟರಲ್ಲಿ ಅರ್ಧ ಮುಗಿದಿರಬೇಕು. ಮುಂದೇನಾಗುತ್ತೆ ಅಂತ ಬಾಯಿಪಾಠ ಇರಬೇಕು. ನಡುನಡುವೆ ಸೋಪು, ಸೀರೆ, ಸಿಮೆಂಟಿನ ಜಾಹೀರಾತು ಬರಬೇಕು. ಆದರೂ ಎದ್ದು ಹೋಗಬಾರದು. "ಈ ಲೆಕ್ಕದಲ್ಲಿ ಇವರದು 'ಗಣೇಶನ ಮದುವೆ'. ಅದು ಬಂದ ರಾತ್ರಿ ನಮ್ಮನೇಲಿ ಹಾಲು ಹೆಪ್ಪು ಹಾಕೋರು ಗತಿಯಿಲ್ಲ."

ಸೀನ ಮರುಮಾತಾಡಲಿಲ್ಲ. ಮುಖ ಮಾತ್ರ ಅರಳಿತು.

ಅವನದೇನೂ ತಪ್ಪಿಲ್ಲ. 1990ರ ಸಿನಿಮಾ, ಫಣಿ ರಾಮಚಂದ್ರ ಅವರದು. ರಮಣಮೂರ್ತಿ ವಠಾರ. ಅಲ್ಲಿ ಅನಂತನಾಗ್‌ಗೂ ವಿನಯಾ ಪ್ರಸಾದ್‌ಗೂ ಬೆಳಗಾದರೆ ಜಗಳ, ಕಾಗದದಲ್ಲಿ ಮಾತ್ರ ಪ್ರೀತಿ. ಕಾಗದ ಬರೆಯುತ್ತಿರುವುದು ಯಾರಿಗೆ ಅಂತ ಇಬ್ಬರಿಗೂ ಗೊತ್ತಿಲ್ಲ, ನಮಗೆ ಮಾತ್ರ ಗೊತ್ತು. ನಗು ಬರುವುದೇ ಅಲ್ಲಿ. ಅನಂತನಾಗ್ ಮುಖ ಗಮನಿಸಿ ನೋಡಿ. ಸಿಟ್ಟು ಬಂದಾಗ ದನಿಗಿಂತ ಮೊದಲು ಹುಬ್ಬು ಮೇಲೇರುತ್ತದೆ. ಆಮೇಲೆ ಒಂದು ಕ್ಷಣ ಸುಮ್ಮನಿರುತ್ತಾರೆ. ಆ ಸುಮ್ಮನಿರುವುದರಲ್ಲೇ ಅರ್ಧ ಬೈಗುಳ ಮುಗಿದಿರುತ್ತದೆ. ಇನ್ನು ವಠಾರದ ಮಾಲೀಕ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು. ಬಾಡಿಗೆದಾರರ ರಗಳೆಯಲ್ಲಿ ಆ ಮನುಷ್ಯ ಪಡುವ ಪಾಡನ್ನು ನೋಡಿದರೆ, ಮನೆ ಕಟ್ಟಿಸಿ ಬಾಡಿಗೆಗೆ ಕೊಡಬೇಕು ಅನ್ನುವ ಆಸೆಯೇ ಹೋಗಿಬಿಡುತ್ತದೆ.

"ಈಗ ವಠಾರ ಎಲ್ಲಿದೆ ಹೇಳಿ," ಅಂದ ಸೀನ. "ನಮ್ಮ ಅಪಾರ್ಟ್‌ಮೆಂಟಲ್ಲೂ ಜಗಳ ಇದೆ. ಆದ್ರೆ ಎಲ್ಲಾ ವಾಟ್ಸಾಪ್ ಗ್ರೂಪಲ್ಲಿ. ಪಾರ್ಕಿಂಗಿಗೆ ಜಗಳ, ನಾಯಿಗೆ ಜಗಳ. ಒಂದೇ ಒಂದು ಮದುವೆ ಆಗಿಲ್ಲ."

ಮುಂದಿನ ಸರದಿ ಮೇಷ್ಟ್ರದು. ಅವರು ನಿವೃತ್ತರಾಗಿ ಕಾಲವಾಯಿತು, ಆದರೆ ತಪ್ಪು ತಿದ್ದುವುದು ಬಿಟ್ಟಿಲ್ಲ. ಕಾಫಿ ಕುಡಿಯುವಷ್ಟು ಹೊತ್ತೂ ರಸ್ತೆಯಲ್ಲಿ ಹೋಗುವವರಿಗೆಲ್ಲ ಒಂದೊಂದು ಮಾತು ಇದ್ದೇ ಇರುತ್ತದೆ. "ಏನಯ್ಯಾ, ಓಡೋ ಬೂಟು ಹಾಕ್ಕೊಂಡು ತೆವಳ್ತಾ ಇದ್ದೀಯ?" "ಏನಮ್ಮಾ, ನಾಯಿ ನಿನ್ನ ವಾಕಿಂಗ್ ಕರ್ಕೊಂಡು ಬಂತಾ?" ಇಂಥವು. ಹತ್ತಿರದವರು ನಕ್ಕು ಹೋಗುತ್ತಾರೆ, ಹೊಸಬರು ಮರುದಿನದಿಂದ ಆಚೆ ಪಕ್ಕದಲ್ಲಿ ನಡೆಯುತ್ತಾರೆ.

"ನನ್ನದು 'ನಾಗರಹಾವು'. 1972. ಪುಟ್ಟಣ್ಣ," ಅಂದರು, ಹಾಜರಿ ಕೂಗಿದ ಹಾಗೆ. "ಚಾಮಯ್ಯ ಮೇಷ್ಟ್ರು ಬಂದ ಕೂಡಲೇ ನನಗೆ ಕಣ್ಣು ಒದ್ದೆ. ಕೆ.ಎಸ್. ಅಶ್ವಥ್ ಥರ ಇನ್ನೊಬ್ಬರಿಲ್ಲ. ಗುರು ಅಂದ್ರೆ ಹಾಗಿರಬೇಕು."

ಇಲ್ಲಿ ನನಗೆ ತಡೆಯಲಾಗಲಿಲ್ಲ. ಅಶ್ವಥ್ ದೊಡ್ಡ ನಟ, ಒಪ್ಪೋಣ. ಆದರೆ ಚಾಮಯ್ಯ ಮೇಷ್ಟ್ರು ಮಾಡಿದ ಕೆಲಸ ಏನು? ರಾಮಾಚಾರಿ ಅಲಮೇಲುವನ್ನು ಪ್ರೀತಿಸಿದ. ಇವರು ಬಂದು ತ್ಯಾಗ ಮಾಡು ಅಂದರು. ಮಾಡಿದ. ಅವಳನ್ನು ಬೇರೆಯವನಿಗೆ ಕೊಟ್ಟು, ಅವಳ ಬಾಳು ಹಾಳಾಯಿತು. ಆಮೇಲೆ ಮಾರ್ಗರೆಟ್. ಅಲ್ಲೂ ಇವರು ಅಡ್ಡ ಬಂದರು. ಕೊನೆಗೆ ಚಿತ್ರದುರ್ಗದ ಬೆಟ್ಟದ ಮೇಲೆ ಮೂವರೂ ಉಳಿಯಲಿಲ್ಲ.

"ನೋಡಿ ಮೇಷ್ಟ್ರೇ," ಅಂದೆ. "ಇಡೀ ಸಿನಿಮಾದಲ್ಲಿ ಬುಸುಗುಟ್ಟೋದು ರಾಮಾಚಾರಿ. ಕಚ್ಚಿದ್ದು ಚಾಮಯ್ಯನವರು."

ಮೇಷ್ಟ್ರ ಕಾಫಿ ಅರ್ಧದಲ್ಲೇ ನಿಂತಿತು. "ಏನಯ್ಯಾ ಹಂಗಂತೀಯ! ಅವರು ಅವನ ಒಳ್ಳೇದಕ್ಕೇ ಹೇಳಿದ್ದು."

"ಅದೇ ತೊಂದರೆ ಮೇಷ್ಟ್ರೇ," ಅಂದರು ಪದ್ಮ. "ಕೆಟ್ಟದ್ದಕ್ಕೆ ಹೇಳಿದ್ರೆ ಅವನು ಕೇಳ್ತಾನೇ ಇರ್ಲಿಲ್ಲ. ಲೆಕ್ಕ ಹೇಳಿಕೊಡೋ ಮೇಷ್ಟ್ರು ಲೆಕ್ಕಕ್ಕೇ ನಿಂತ್ಕೋಬೇಕು. ಯಾರು ಯಾರನ್ನ ಮದುವೆ ಆಗ್ಬೇಕು ಅನ್ನೋದು ಸಿಲಬಸ್‌ನಲ್ಲಿ ಇತ್ತಾ?"

ಮೇಷ್ಟ್ರು ಸ್ವಲ್ಪ ಹೊತ್ತು ರಸ್ತೆಯವರಿಗೂ ಏನೂ ಅನ್ನಲಿಲ್ಲ. ಅಷ್ಟು ನೊಂದಿದ್ದರು. ಕೊನೆಗೆ, "ಓಬವ್ವನ ಹಾಡಾದರೂ ಚೆನ್ನಾಗಿದೆ ಅಂತ ಒಪ್ಪಿಕೊಳ್ಳಿ" ಅಂದರು. ಒಪ್ಪಿಕೊಂಡೆವು. ಜಯಂತಿ ಒನಕೆ ಎತ್ತಿದ ಮೇಲೆ ಇಲ್ಲ ಅನ್ನುವ ಧೈರ್ಯ ಯಾರಿಗಿದೆ?

ಗಿರಿ ಪುತ್ತೂರಿನವನು. ಅವನಿಗೆ ಸಿನಿಮಾಕ್ಕಿಂತ ಧಾರಾವಾಹಿ ಪ್ರೀತಿ, ಅದರಲ್ಲೂ ಹಳೆಯ ದೂರದರ್ಶನದವು. "ಎಂತ ಮಾರಾಯ್ರೆ, 'ಗುಡ್ಡದ ಭೂತ' ಮರೆತಿರಾ?" ಅಂದ. ಮರೆಯುವುದುಂಟೇ! ಸದಾನಂದ ಸುವರ್ಣರ ಧಾರಾವಾಹಿ, ಪ್ರಕಾಶ್ ರೈ ಇನ್ನೂ ಎಳೆಯ ಮುಖದಲ್ಲಿದ್ದ ಕಾಲ. 'ಡೆನ್ನಾನ ಡೆನ್ನಾನ' ಅಂತ ಶೀರ್ಷಿಕೆ ಹಾಡು ಶುರುವಾದರೆ ಸಾಕು, ಬಚ್ಚಲು ಮನೆಗೆ ಒಬ್ಬರೇ ಹೋಗುವುದು ಬಂದ್. ಗಿರಿಯ ಮನೆಯಲ್ಲಿ ಬಚ್ಚಲು ಅಂಗಳದಾಚೆ, ಅಡಿಕೆ ತೋಟದ ಅಂಚಿಗೆ. ಇಬ್ಬರು ತಮ್ಮಂದಿರನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದನಂತೆ. ಒಬ್ಬ ಟಾರ್ಚ್ ಹಿಡಿಯಲು, ಇನ್ನೊಬ್ಬ ಟಾರ್ಚ್ ಹಿಡಿದವನು ಓಡಿಹೋಗದ ಹಾಗೆ ಹಿಡಿದುಕೊಳ್ಳಲು.

"ಈಗಿನ ದೆವ್ವದ ಸೀರಿಯಲ್‌ಗಳಿಗೆ ನಮ್ಮ ಮಕ್ಕಳು ನಗ್ತಾವೆ," ಅಂದ ಗಿರಿ. ನಗದೆ ಇನ್ನೇನು ಮಾಡ್ತಾರೆ? ದೆವ್ವಕ್ಕೆ ಮದುಮಗಳಿಗಿಂತ ಜಾಸ್ತಿ ಮೇಕಪ್.

ಮಾತು 'ಮಾಲ್ಗುಡಿ ಡೇಸ್'ಗೆ ಬಂತು. ಇಲ್ಲಿ ಮಾತ್ರ ಎಲ್ಲರೂ ಒಂದೇ ಸಲ ಹೌದು ಹೌದು ಅಂದೆವು. ಎಲ್ಲರೂ ಒಪ್ಪಿದರೆ ಹರಟೆ ಸತ್ತ ಹಾಗೆ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ್ದು, ಮಾಸ್ಟರ್ ಮಂಜುನಾಥ್‌ನ ಸ್ವಾಮಿ, ಗಿರೀಶ ಕಾರ್ನಾಡರ ಗಂಭೀರ ಅಪ್ಪ, ಎಲ್. ವೈದ್ಯನಾಥನ್ ಅವರ ಆ 'ತಾನ ನಾನ' ಸಂಗೀತ. ಇದರಲ್ಲಿ ಜಗಳ ಆಡಲು ಏನಿದೆ? ಅರಸಾಳು ರೈಲು ನಿಲ್ದಾಣದ ಹಳೇ ಕಟ್ಟಡವನ್ನು ಈಗ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಗಿರಿ ಹೋಗಿ ನೋಡಿ ಬಂದಿದ್ದಾನೆ. "ಮಗನಿಗೆ ತೋರಿಸೋಣ ಅಂತ ಕರ್ಕೊಂಡು ಹೋದೆ. ಅವನು ಮೊಬೈಲ್ ಸಿಗ್ನಲ್ ಹುಡುಕ್ತಾ ಇದ್ದ. ನಾನೊಬ್ಬನೇ ಅಲ್ಲಿ ತಾನ ನಾನ ಹೇಳ್ತಾ ನಿಂತಿದ್ದು." ಮೇಷ್ಟ್ರಿಗೆ ಒಂದೇ ತಕರಾರು. ಸ್ವಾಮಿಗೆ ಶಾಲೆ ಕಂಡರೆ ಆಗದು, ಅಂಥವನನ್ನು ನಾವೆಲ್ಲ ಮುದ್ದು ಮಾಡಿ ಹಾಳು ಮಾಡಿದೆವಂತೆ.

ಈಗ ನನ್ನ ಸರದಿ. ನನ್ನ ಬೆರಳು ನಿಲ್ಲುವುದು ಉಪೇಂದ್ರರ 'ಎ' ಬಳಿ. 1998ರಲ್ಲಿ ಬಂದಾಗ 'ಬುದ್ಧಿವಂತರಿಗೆ ಮಾತ್ರ' ಅಂತ ಹಾಕಿದ್ದರು. ಎಂಥ ಬುದ್ಧಿ ನೋಡಿ! ಕಥೆ ಹಿಂದುಮುಂದಾಗಿ ಓಡುತ್ತದೆ. ಯಾವುದು ಈಗಿನದು, ಯಾವುದು ಹಿಂದಿನದು ಅಂತ ಹಿಡಿಯುವಷ್ಟರಲ್ಲಿ ಇಂಟರ್‌ವಲ್. ಆದರೆ ಅರ್ಥವಾಗಲಿಲ್ಲ ಅಂತ ಬಾಯಿ ಬಿಡುವವರು ಯಾರು? ಹೊರಗೆ ಬಂದವರೆಲ್ಲ "ಸೂಪರ್ ಗುರೂ" ಅಂತ ತಲೆ ಆಡಿಸಿದರು. ಒಳಗೊಳಗೇ ಅನುಮಾನ ಉಳಿದದ್ದಕ್ಕೆ ಮತ್ತೆ ಟಿಕೆಟ್ ತಗೊಂಡರು. ನಾನೂ ತಗೊಂಡೆ. ಈಗಲೂ ಟೀವಿಯಲ್ಲಿ ಬಂದರೆ ಕೂರುತ್ತೇನೆ. ಅದರಲ್ಲಿ ಒಂದು ಅನುಕೂಲ ಇದೆ: ಎಲ್ಲಿಂದ ನೋಡಿದರೂ ನಡುವಿನಿಂದ ನೋಡಿದ ಹಾಗೇ ಇರುತ್ತದೆ.

"ನಿಮ್ಮದು ಹೇಳಿ ಪದ್ಮ," ಅಂದ ಗಿರಿ.

"ಸಿಲ್ಲಿ ಲಲ್ಲಿ," ಅಂದರು ಒಂಚೂರೂ ಯೋಚಿಸದೆ. 'ಜನಸೇವೆಯೇ ಜನಾರ್ದನ ಸೇವೆ' ಅನ್ನುತ್ತಾ ಮನೆಯವರನ್ನು ಗೋಳು ಹೊಯ್ದುಕೊಳ್ಳುವ ಸಮಾಜಸೇವಕಿ ಲಲಿತಾಂಬ. "ನಮ್ಮತ್ತೆ ಜೊತೆ ನಾನು ಒಂದೇ ಸೋಫಾ ಮೇಲೆ ಕೂತು ನಕ್ಕಿದ್ದು ಆ ಧಾರಾವಾಹಿಗೆ ಮಾತ್ರ. ಈಗಿನವು ಅತ್ತೆ ಸೊಸೆಯನ್ನ ಬೇರೆ ಬೇರೆ ಸೋಫಾಗೆ ಕಳಿಸ್ತಾವೆ. ಒಬ್ಬರು ವಿಷ ಬೆರೆಸಿದ ಪಾಯಸ ಒಯ್ಯೋದಕ್ಕೆ ಸೋಮವಾರ ಹೊರಟರೆ ಗುರುವಾರ ಊಟದ ಮನೆ ಮುಟ್ತಾರೆ. ಶುಕ್ರವಾರ ಪಾಯಸ ಚೆಲ್ಲಿ ಹೋಗುತ್ತೆ."

"ಚೆಲ್ಲಿ ಹೋಗುತ್ತೆ ಅಂತ ನಿನಗೆ ಹೇಗೆ ಗೊತ್ತು?" ಅಂದ ಸೀನ.

"ನೋಡ್ತೀನಲ್ಲ."

ವೆಬ್ ಸೀರೀಸ್ ಮಾತೂ ಬಂತು, ನಿಲ್ಲಲಿಲ್ಲ. ಸೀನನ ಮಗಳು ಕೊರಿಯಾದ ಧಾರಾವಾಹಿಗಳಿಗೆ ಬಿದ್ದಿದ್ದಾಳೆ. ಅದರಲ್ಲೂ ಅತ್ತೆ, ಅದರಲ್ಲೂ ಆಸ್ತಿ ಜಗಳ, ಅದರಲ್ಲೂ ಸಾರಿನಂಥದ್ದೊಂದನ್ನು ಸೊರ್‌ರ್ ಅಂತ ಕುಡಿಯುವುದು. ಮನೆ ಬದಲಾಯಿಸಿದರೂ ನೆಂಟರು ಅವರೇ.

ಎರಡನೇ ಕಾಫಿ ಬರುವ ಹೊತ್ತಿಗೆ 'ತಿಥಿ' ಬಂತು. ಇದು ವಿಚಿತ್ರ ಸಿನಿಮಾ. ಷೋಕೇಸಿಗೂ ಸಲ್ಲುತ್ತದೆ, ರಿಮೋಟಿಗೂ ಸಲ್ಲುತ್ತದೆ. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಜೊತೆ ಬರೆದದ್ದು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು, ಮರುವರ್ಷ ನಮ್ಮ ಥಿಯೇಟರಿಗೆ ಬಂತು. ಮಂಡ್ಯದ ಕಡೆಯ ನೊದೆಕೊಪ್ಪಲು, ನಟಿಸಿದವರು ಬಹುಪಾಲು ಹಳ್ಳಿಯವರೇ. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಮಗ ಗಡ್ಡಪ್ಪನಿಗೆ ಅಪ್ಪನ ಸಾವೂ ಬೇಡ, ಜಮೀನೂ ಬೇಡ. ಕೈಯಲ್ಲೊಂದು ಕ್ವಾರ್ಟರ್ ಬಾಟಲಿ, ಎದುರಿಗೆ ಹೊಲದ ದಾರಿ, ನಡೆಯುತ್ತಲೇ ಇರುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಐದು ಎಕರೆ ಮಾರುವ ಆತುರ. ಅದಕ್ಕೆ ಬದುಕಿರುವ ಅಪ್ಪನಿಗೇ ಮರಣ ಪ್ರಮಾಣಪತ್ರ ಮಾಡಿಸಲು ಓಡಾಡುತ್ತಾನೆ. ಗಡ್ಡಪ್ಪ ಕುರಿ ಮೇಯಿಸುವವರ ಜೊತೆ ಬೆಂಕಿಗೆ ಕೈ ಕಾಯಿಸುತ್ತಾ ಕೂತಿರುತ್ತಾನೆ. ಯಾರೂ ನಟಿಸುತ್ತಿದ್ದಾರೆ ಅನ್ನಿಸುವುದೇ ಇಲ್ಲ. ನಮ್ಮ ದೊಡ್ಡಪ್ಪನ ಮನೆ ಜಗಲಿಗೆ ಯಾರೋ ಕ್ಯಾಮೆರಾ ಇಟ್ಟು ಮರೆತು ಹೋದರೇನೋ ಅನ್ನಿಸುತ್ತದೆ.

"ನಾನು ಥೇಟ್ ಗಡ್ಡಪ್ಪ ಕಣ್ರೋ," ಅಂದ ಸೀನ. "ನನಗೆ ಯಾವುದರ ಮೇಲೂ ಆಸೆ ಇಲ್ಲ."

"ನಾನೂ ಅಷ್ಟೇ," ಅಂದ ಗಿರಿ. ನಾನೂ ಕೈ ಎತ್ತಿದೆ.

ಪದ್ಮ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ರೀ, ಸೈಟಿನ ಖಾತೆ ಪತ್ರಕ್ಕೆ ಕಳೆದ ವಾರ ಎಷ್ಟು ಸಲ ಓಡಿದ್ರಿ? ಗಿರಿ, ತೋಟದ ಪಾಲು ಇನ್ನೂ ಆಗಿಲ್ಲ ಅಂತ ಕೆರೆ ಸುತ್ತಿದಷ್ಟೂ ಹೊತ್ತು ಹೇಳಿದ್ರಿ. ಇನ್ನು ನೀವು, ಪಿತ್ರಾರ್ಜಿತ ಮನೆಗೆ ವಂಶವೃಕ್ಷ ಮಾಡಿಸ್ತಾ ಇದ್ದೀರ ಅಲ್ವಾ? ಇಲ್ಲಿ ಒಬ್ಬ ಗಡ್ಡಪ್ಪನೂ ಇಲ್ಲ. ಎಲ್ಲಾ ತಮ್ಮಣ್ಣಂದಿರೇ."

ಯಾರಿಗೂ ಉತ್ತರ ಹೊಳೆಯಲಿಲ್ಲ. ಕೊನೆಗೆ ಸೀನ, "ಹಾಗಾದ್ರೆ ಸೆಂಚುರಿ ಗೌಡ ಯಾರು?" ಅಂದ.

ಸಿನಿಮಾದ ಮೊದಲ ದೃಶ್ಯ ನೆನಪಿದೆ ತಾನೇ? ಮುದುಕ ರಸ್ತೆ ಬದಿ ಕೂತು, ಹೋಗಿ ಬರುವವರನ್ನೆಲ್ಲ ಛೇಡಿಸುತ್ತಿರುತ್ತಾನೆ. ನಾವೆಲ್ಲ ಮೆಲ್ಲಗೆ ಮೇಷ್ಟ್ರ ಕಡೆ ತಿರುಗಿದೆವು. ಅವರು ಯಾವುದೋ ಹುಡುಗನಿಗೆ, "ಏನಯ್ಯಾ, ಕಿವಿಗೆ ಹತ್ತಿ ಇಟ್ಕೊಂಡು ಯಾರ ಜೊತೆ ಮಾತಾಡ್ತಿದ್ದೀಯ?" ಅನ್ನುತ್ತಿದ್ದರು. ನಮ್ಮ ನೋಟ ಕಂಡು ನಿಂತರು. ಅರ್ಥವಾಗಲು ಒಂದು ಗುಟುಕು ಕಾಫಿಯಷ್ಟು ಹೊತ್ತು ಹಿಡಿಯಿತು.

"ಲೋ, ಅಯೋಗ್ಯರಾ! ಅವನು ಸಿನಿಮಾ ಶುರುವಾದ ಕೂಡಲೇ ಸತ್ತು ಹೋಗ್ತಾನಲ್ರೋ!"