ಕಾಫಿಯಲ್ಲಿ ಬೆರೆಸುವ ಪುಡಿ: ಹೈಸ್ಕೂಲ್ ಗೆಳೆಯರ ಗುಂಪಿನಲ್ಲಿ ಒಂದು ಜಗಳ

ಗುಂಪು: ಹೈಸ್ಕೂಲ್ ಗೆಳೆಯರು, ವಿರಾಜಪೇಟೆ

ಕುಟ್ಟಪ್ಪ: (ಫಾರ್ವರ್ಡ್) ಕುಡಿತ ಬಿಡಿಸುವ ಪುಡಿ. ರುಚಿಯಿಲ್ಲ, ವಾಸನೆಯಿಲ್ಲ. ಊಟದಲ್ಲೋ ಕಾಫಿಯಲ್ಲೋ ಬೆರೆಸಿ ಕೊಡಿ, ಅವರಿಗೆ ಗೊತ್ತೇ ಆಗುವುದಿಲ್ಲ. ಕೊರಿಯರ್ ಉಚಿತ.

ಕುಟ್ಟಪ್ಪ: ಯಾರಾದರೂ ತರಿಸಿ ನೋಡಿದ್ದೀರಾ? ತಮ್ಮನಿಗೆ ಬೇಕಿತ್ತು. ಅವನ ಹೆಂಡತಿ ನಿನ್ನೆ ರಾತ್ರಿ ಅತ್ತುಕೊಂಡು ಫೋನ್ ಮಾಡಿದ್ದಳು.

ಜೋಯಪ್ಪ: ತರಿಸು ಮಾರಾಯ. ನಮ್ಮ ತೋಟದ ಕೆಲಸದವರ ಲೈನ್‌ಮನೆಯಲ್ಲಿ ಒಬ್ಬ ಇದರಿಂದಲೇ ಬಿಟ್ಟನಂತೆ.

ರಫೀಕ್: ಕುಟ್ಟಪ್ಪ, ದುಡ್ಡು ಕಳಿಸಿಲ್ಲ ತಾನೆ? ಕಳಿಸಬೇಡ. ಮೆಡಿಕಲ್ ಶಾಪ್ ಇಟ್ಟುಕೊಂಡವನು ಹೇಳ್ತಿದ್ದೇನೆ. ಇಂಥ ಪುಡಿಯ ಒಳಗೆ ನಿಜವಾಗಿ ಏನಿದೆ ಅಂತ ನಮಗೆ ಯಾರಿಗೂ ಗೊತ್ತಿಲ್ಲ. ಏನೂ ಇಲ್ಲದಿದ್ದರೆ ದುಡ್ಡು ಮಾತ್ರ ಹೋಯಿತು. ಡೈಸಲ್ಫಿರಾಮ್ ಬೆರೆಸಿದ್ದರೆ ಜೀವಕ್ಕೇ ಕುತ್ತು.

ಜೋಯಪ್ಪ: ಅದು ಡಾಕ್ಟರುಗಳೇ ಕೊಡುವ ಮಾತ್ರೆ ಅಲ್ವಾ?

ರಫೀಕ್: ಹೌದು, ರೋಗಿಗೆ ಹೇಳಿ, ಅವನು ಒಪ್ಪಿದ ಮೇಲೆ. ಆ ಮಾತ್ರೆ ಹೊಟ್ಟೆಯಲ್ಲಿದ್ದಾಗ ಕುಡಿದರೆ ಅಸಿಟಾಲ್ಡಿಹೈಡ್ ಅನ್ನುವ ವಿಷ ರಕ್ತದಲ್ಲಿ ಸೇರಿಕೊಳ್ತದೆ. ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಬಿಪಿ ಇಳಿಯುತ್ತದೆ. ಹೃದಯದ ತೊಂದರೆ ಇದ್ದವರು ಸಾಯಲೂಬಹುದು. ಕೊನೆಯ ಮಾತ್ರೆ ನುಂಗಿ ಎರಡು ವಾರದವರೆಗೂ ಈ ಅಪಾಯ ಇರಬಹುದು. ಮಾತ್ರೆ ತಗೊಂಡಿದ್ದೇನೆ ಅಂತ ಗೊತ್ತಿದ್ದವನು ಗ್ಲಾಸ್ ಮುಟ್ಟೋಕೆ ಹೆದರ್ತಾನೆ, ಅದು ಕೆಲಸ ಮಾಡುವುದೇ ಹಾಗೆ. ಗೊತ್ತಿಲ್ಲದವನು ಎಂದಿನಂತೆ ಸಂಜೆ ಕ್ವಾರ್ಟರ್ ಹಾಕ್ತಾನೆ. ಆಮೇಲೆ ಅವನನ್ನು ಎತ್ತಿಕೊಂಡು ಎಲ್ಲಿಗೆ ಓಡ್ತೀರಿ?

ಕುಟ್ಟಪ್ಪ: ನಿಮಗೆಲ್ಲ ಹೇಳೋದು ಸುಲಭ. ಮದ್ಯವರ್ಜನ ಶಿಬಿರಕ್ಕೂ ಕಳಿಸಿದ್ದಾಯಿತು. ಬಂದವನು ಚೆನ್ನಾಗೇ ಇದ್ದ. ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಶುರು. ಈ ಸಲ ಕರಿಮೆಣಸು ಮಾರಿದ ದುಡ್ಡು ಪೂರ್ತಿ ಬಾರ್‌ಗೆ ಹೋಯಿತು. ಮಗಳು ಅಪ್ಪನ ಹತ್ತಿರ ಮಾತೇ ಬಿಟ್ಟಿದ್ದಾಳೆ.

ಜೋಯಪ್ಪ: ಹಾಗಾದರೆ ರೂಮಲ್ಲಿ ಹಾಕಿ ಬೀಗ ಜಡಿ. ಮೂರು ದಿನ ಒದ್ದಾಡ್ತಾನೆ, ನಾಲ್ಕನೇ ದಿನ ಸರಿಹೋಗ್ತಾನೆ.

ಭವಾನಿ: ಜೋಯಪ್ಪ, ಆ ಮೂರು ದಿನಗಳಲ್ಲೇ ಜನ ಸಾಯುವುದು. ಡಿ-ಅಡಿಕ್ಷನ್ ವಾರ್ಡಿನಲ್ಲಿ ಡ್ಯೂಟಿ ಮಾಡುವವಳು ನಾನು. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಕೆಲವರಿಗೆ ಬುದ್ಧಿಭ್ರಮಣೆ ಆಗಿ, ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಮೈ ನಡುಗುತ್ತದೆ, ಜ್ವರ ಏರುತ್ತದೆ. ಡೆಲಿರಿಯಂ ಟ್ರೆಮೆನ್ಸ್ ಅಂತಾರೆ. ಆಸ್ಪತ್ರೆಯಲ್ಲಾದರೆ ಔಷಧಿ ಕೊಟ್ಟು ಮೆಲ್ಲಗೆ ಇಳಿಸ್ತಾರೆ, ವಿಟಮಿನ್ ಬಿ1 ಇಂಜೆಕ್ಷನ್ ಹಾಕ್ತಾರೆ. ಬೀಗ ಹಾಕಿದ ರೂಮಲ್ಲಿ ಯಾರು ನೋಡ್ತಾರೆ?

ಭವಾನಿ: ಕುಟ್ಟಪ್ಪ, ಶಿಬಿರದಿಂದ ಬಂದ ಮೇಲೆ ಅವನು ನವಜೀವನ ಸಮಿತಿಯ, ಅಂದರೆ ಶಿಬಿರದಲ್ಲಿ ಕುಡಿತ ಬಿಟ್ಟವರ ಗುಂಪಿನ, ಸಭೆಗೆ ಹೋಗ್ತಿದ್ದನಾ?

ಕುಟ್ಟಪ್ಪ: ಒಂದೆರಡು ಸಲ. ಆಮೇಲೆ ತೋಟದಲ್ಲಿ ಕೆಲಸ ಅಂದ.

ಭವಾನಿ: ನಾನು ಹೇಳಬೇಕೆಂದಿದ್ದೂ ಇದನ್ನೇ. ಕುಡಿತ ನಿಲ್ಲಿಸುವುದು ವಾರದ ಕೆಲಸ. ನಿಂತ ಮೇಲಿನ ತಿಂಗಳುಗಳು ಕಷ್ಟ, ಕೌನ್ಸೆಲಿಂಗ್ ಬೇಕಾಗುವುದೇ ಆಗ, ಆದರೆ ಆಗಲೇ ನಾವು ಕೈ ಬಿಡುತ್ತೇವೆ. ಶಿಬಿರದವರೂ ಅದಕ್ಕೇ ಸಮಿತಿ ಮಾಡಿರೋದು. ಮತ್ತೆ ಕುಡಿದ ಅಂದರೆ ಎಲ್ಲ ಮುಗಿಯಿತು ಅಂತಲ್ಲ. ಶುಗರ್ ಇರುವವರಿಗೆ ಹಬ್ಬದ ದಿನ ಶುಗರ್ ಏರಿದರೆ ಚಿಕಿತ್ಸೆ ನಿಲ್ಲಿಸ್ತೀವಾ?

ಜೋಯಪ್ಪ: ಕೌನ್ಸೆಲಿಂಗ್ ಅಂದರೆ ಬುದ್ಧಿ ಹೇಳೋದು ತಾನೆ? ಅವನಿಗೆ ಬುದ್ಧಿ ಹೇಳದವರು ಊರಲ್ಲಿ ಯಾರಿದ್ದಾರೆ?

ಭವಾನಿ: ಬುದ್ಧಿ ಹೇಳುವುದಿಲ್ಲ ಜೋಯಪ್ಪ, ಕೇಳುತ್ತಾರೆ. ಯಾವಾಗ ಕುಡೀತೀಯ, ಯಾರ ಜೊತೆ, ಅದಕ್ಕಿಂತ ಮೊದಲು ಏನಾಗಿತ್ತು ಅಂತ. ಒಬ್ಬನಿಗೆ ಸಂತೆಯ ದಿನ, ಒಬ್ಬನಿಗೆ ಕೂಲಿ ಬಟವಾಡೆಯ ಸಂಜೆ, ಇನ್ನೊಬ್ಬನಿಗೆ ಅಣ್ಣತಮ್ಮಂದಿರ ಪಾಲಿನ ಜಗಳ. ಅದನ್ನು ಅವನ ಬಾಯಲ್ಲೇ ಹೊರಡಿಸಿ, ಆ ಹೊತ್ತಿಗೆ ಏನು ಮಾಡಬೇಕು ಅಂತ ಮೊದಲೇ ತೀರ್ಮಾನ ಮಾಡಿಸ್ತಾರೆ. ಕುಡಿಯಬೇಕೆಂಬ ಚಪಲ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟು ಹೊತ್ತು ತಳ್ಳಬೇಕು: ನೀರು ಕುಡಿ, ಎದ್ದು ನಡೆ, ಯಾರಿಗಾದರೂ ಫೋನ್ ಮಾಡು. ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕು ಇದ್ದಾಗ ಎಚ್ಚರ. ಚಪಲ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಮಾತ್ರೆಯೂ ಇದೆ, ಡಾಕ್ಟರ್ ಲಿವರ್ ನೋಡಿ ಕೊಡ್ತಾರೆ.

ಪೂವಮ್ಮ: ಭವಾನಿ ಹೇಳಿದ್ದು ಸರಿ. ನಮ್ಮ ಮನೆಯವರ ವಿಷಯ ನಿಮಗೆಲ್ಲ ಗೊತ್ತು. ಬಿಟ್ಟ ಮೊದಲ ವರ್ಷ ನನಗೆ ಬಾರ್‌ಗಿಂತ ಹೆಚ್ಚು ಭಯ ಆಗಿದ್ದು ಮದುವೆ ಮಂಟಪ. ಕೈಲ್‌ಪೋಳ್ದ್ ಹಬ್ಬ ಬಂತು, ಹುತ್ತರಿ ಹಬ್ಬ ಬಂತು, ಹೋದಲ್ಲೆಲ್ಲ ಗ್ಲಾಸ್ ಹಿಡಿದು ಬರುವವರೇ. "ಒಂದು ಪೆಗ್‌ಗೆ ಏನಾಗ್ತದೆ, ಚಳಿ ಇದೆ" ಅಂತ. ಕುಡಿದರೆ ಮೈ ಬೆಚ್ಚಗಾದ ಹಾಗೆ ಅನ್ನಿಸುತ್ತದೆ ಅಷ್ಟೇ, ಒಳಗಿನ ಶಾಖ ಹೊರಗೆ ಹೋಗ್ತದೆ ಅಂತ ಡಾಕ್ಟರ್ ಹೇಳಿದ್ದರು. ಬೇಡ ಅಂದವರನ್ನು "ಹೆಂಡತಿಗೆ ಹೆದರಿದ" ಅಂತ ನಗಾಡಿದವರಲ್ಲಿ ನಮ್ಮ ನೆಂಟರೂ ಇದ್ದರು. ನಮ್ಮವರು ಗೋಡೆ ಕಡೆ ತಿರುಗಿ ನಿಂತಿದ್ದನ್ನು ನಾನು ನೋಡಿದ್ದೇನೆ.

ಜೋಯಪ್ಪ: ಹಾಗಂತ ಮದುವೆಯಲ್ಲಿ ಬಾಟ್ಲಿ ಇಡದೆ ಇರೋಕಾಗ್ತದಾ ಪೂವಿ? ನಮ್ಮ ಪದ್ಧತಿ ಅದು.

ಪೂವಮ್ಮ: ಇಡಬೇಡಿ ಅಂತ ಯಾರು ಹೇಳಿದರು? ಬೇಡ ಅಂದವನ ಕೈಗೆ ತುರುಕಬೇಡಿ. ಹುತ್ತರಿಗೆ ಕದಿರು ತರೋದು ಪದ್ಧತಿ. ಬಿಟ್ಟವನಿಗೆ ಮತ್ತೆ ಕುಡಿಸೋದು ಯಾವ ಹಿರಿಯರು ಮಾಡಿದ ಪದ್ಧತಿ?

ಪೂವಮ್ಮ: ನಮ್ಮವರನ್ನು ಉಳಿಸಿದ್ದು ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಮೀಟಿಂಗ್. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡಿತದ ರೋಗಿಗಳು ಒಬ್ಬರಿಗೊಬ್ಬರು ಕೂತು ಮಾತಾಡಿ ಶುರುವಾದದ್ದಂತೆ. ಫೀಸ್ ಇಲ್ಲ, ಹಾಜರಿ ಇಲ್ಲ, ಪೂರ್ತಿ ಹೆಸರೂ ಕೇಳುವುದಿಲ್ಲ. ತನ್ನ ಹಾಗೆ ಬಿದ್ದು ಎದ್ದವನ ಮಾತು ಅವರ ಕಿವಿಗೆ ಬಿತ್ತು, ನನ್ನದು ಬೀಳಲಿಲ್ಲ. ಮನೆಯವರಿಗೆ ಅಂತ ಅಲ್-ಅನಾನ್ ಬೇರೆ ಇದೆ. ಕುಟ್ಟಪ್ಪ, ನಿನ್ನ ತಮ್ಮನ ಹೆಂಡತಿಯ ನಂಬರ್ ನನಗೆ ಕಳಿಸು. ಅವಳ ಹತ್ತಿರ ನಾನು ಮಾತಾಡ್ತೇನೆ.

ರಫೀಕ್: 2019ರಲ್ಲಿ ಕೇಂದ್ರ ಸರ್ಕಾರದ ಸಮೀಕ್ಷೆ ಬಂದಿತ್ತು, ಏಮ್ಸ್‌ನವರು ಮಾಡಿದ್ದು. ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮನೆಗಳು ಇಂಥ ಪುಡಿ ಮಾರುವವರಿಗೆ ಗಿರಾಕಿ.

ಜೋಯಪ್ಪ: ಪುಡಿ ಬಿಡಿ, ಒಪ್ಪಿದೆ. ಆದರೆ ಅವನಾಗಿ ಬರ್ತಾನೆ ಅಂತ ನನಗೆ ನಂಬಿಕೆ ಇಲ್ಲ. ಸುಳ್ಳು ಹೇಳಿಯಾದರೂ ಜೀಪಿಗೆ ಹತ್ತಿಸಬೇಕು.

ಭವಾನಿ: ಬೇಡ. ಸುಳ್ಳು ಹೇಳಿ ಕರೆತಂದವರು ಎದುರು ಕೂತರೂ ಬಾಯಿ ಬಿಡುವುದಿಲ್ಲ. ಬೆಳಿಗ್ಗೆ, ಅವನು ಕುಡಿಯದೆ ಇರುವ ಹೊತ್ತಿನಲ್ಲಿ, ನೇರವಾಗಿ ಹೇಳಿ. ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯದ ಕ್ಲಿನಿಕ್ ಇರ್ತದೆ. ಈ ವಾರ ಡಾಕ್ಟರ್ ಬರ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ಮಡಿಕೇರಿ ಜಿಲ್ಲಾ ಆಸ್ಪತ್ರೆ. ರಾತ್ರಿ ಕಷ್ಟ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ. ಫಿಟ್ಸ್ ಬಂದರೆ ಮಾತ್ರ ಯಾರಿಗೂ ಫೋನ್ ಮಾಡ್ತಾ ಕೂರಬೇಡಿ, ಸೀದಾ 108.

ಕುಟ್ಟಪ್ಪ: ಮತ್ತೆ ಬರಲ್ಲ ಅಂದರೆ?

ಭವಾನಿ: ಆಗ ನೀನೂ ಅವನ ಹೆಂಡತಿಯೂ ಹೋಗಿ. ರೋಗಿ ಬರದಿದ್ದರೂ ಮನೆಯವರ ಹತ್ತಿರ ಮಾತಾಡ್ತಾರೆ. ಮನೆಯಲ್ಲಿ ಏನು ಹೇಳಬೇಕು, ಎಲ್ಲಿ ದುಡ್ಡು ಕೊಡಬಾರದು ಅಂತ ಅಲ್ಲೇ ತಿಳಿಯುತ್ತದೆ. ಎಷ್ಟೋ ಜನ ಹೆಂಡತಿ ಬಂದು ಹೋದ ಮೇಲೆ ತಾವೇ ಬಂದಿದ್ದಾರೆ.

ರಫೀಕ್: ಮಂಗಳವಾರ ಅಂಗಡಿ ತಮ್ಮ ನೋಡಿಕೊಳ್ತಾನೆ. ನಾನು ಬರ್ತೇನೆ.

ಜೋಯಪ್ಪ: ಜೀಪ್ ನನ್ನದು. ಏನೂ ಸುಳ್ಳು ಹೇಳಲ್ಲ.

ಕುಟ್ಟಪ್ಪ: ಒಂಬತ್ತಕ್ಕೆ ಬಸ್ ಸ್ಟ್ಯಾಂಡ್ ಹತ್ತಿರ ಬಾ. ಒಪಿಡಿ ಚೀಟಿಗೆ ಕ್ಯೂ ಇರ್ತದೆ.