ಒಂದು ನಾಯಿ ಇರುವ ಮನೆಗೆ ಇನ್ನೊಂದು ಮರಿ: ಏನೇನು ಸಿದ್ಧತೆ ಬೇಕು?

ತೋಟದ ಮನೆ, ಶಿರಸಿ:
ಅಡಿಕೆ ತೋಟದ ಅಂಚಿನಲ್ಲಿ ನಮ್ಮ ಮನೆ. ಕಾಳು ಎಂಬ ಏಳು ವರ್ಷದ ಗಂಡು ನಾಯಿ ಇದ್ದಾನೆ. ಮಂಗಗಳ ಹಿಂಡನ್ನು ಒಬ್ಬನೇ ಅಟ್ಟುವಷ್ಟು ಕಸುವು ಈಗ ಅವನಿಗಿಲ್ಲ. ಸಿದ್ದಾಪುರದ ನೆಂಟರ ಮನೆಯಿಂದ ಎಂಟು ವಾರದ ಹೆಣ್ಣು ಮರಿಯೊಂದನ್ನು ತರುವವನಿದ್ದೇನೆ. ಕಾಳು ಅನ್ನ-ಮಜ್ಜಿಗೆ, ಮಿಕ್ಕಿದ ದೋಸೆ ತಿಂದು ಬೆಳೆದವನು. ಊಟದ ಹಾಳೆಯ ಹತ್ತಿರ ಬೆಕ್ಕು ಸುಳಿದರೂ ಗುರುಗುಡುತ್ತಾನೆ. ಮರಿ ಬರುವ ಮೊದಲು ಏನೇನು ಮಾಡಿಕೊಳ್ಳಬೇಕು? ಎರಡು ನಾಯಿ ಸಾಕಿದವರು ಹೇಳಿ.

ಅಂಕೋಲೆಯ ಅಕ್ಕ:
ಮೊದಲ ಭೇಟಿ ಅಂಗಳದಲ್ಲಿ ಬೇಡ ತಮ್ಮಾ. ಅಂಗಳ ಕಾಳುವಿನ ಸೀಮೆ. ಅಲ್ಲಿ ಇಳಿಸಿದರೆ ಮರಿ ಅವನ ಕಣ್ಣಿಗೆ ಕಳ್ಳನೇ. ಹೊರಗೆ ರಸ್ತೆಯಲ್ಲಿ ಇಬ್ಬರು ಒಂದೊಂದನ್ನು ಹಿಡಿದು, ಹತ್ತು ಮಾರು ಅಂತರದಲ್ಲಿ ಒಂದೇ ದಿಕ್ಕಿಗೆ ನಡೆಯಿರಿ. ಅಂತರವನ್ನು ಮೆಲ್ಲಗೆ ಕಡಿಮೆ ಮಾಡಿ. ಹಗ್ಗ ಬಿಗಿಯಬೇಡಿ, ಬಿಗಿದಷ್ಟೂ ಅದಕ್ಕೆ ಸಿಟ್ಟು. ಆಮೇಲೆ ಎಲ್ಲರೂ ಒಟ್ಟಿಗೆ ಮನೆಗೆ ಬನ್ನಿ. ಊಟ ಮಾತ್ರ ಒಂದಕ್ಕೆ ಜಗಲಿಯಲ್ಲಿ, ಇನ್ನೊಂದಕ್ಕೆ ಕೊಟ್ಟಿಗೆಯಲ್ಲಿ. ನಾನು ಮೂರು ನಾಯಿಗಳನ್ನು ಹೀಗೆಯೇ ಒಗ್ಗಿಸಿದ್ದೇನೆ.

ಹೊನ್ನಾವರದ ಓದುಗ:
‘ರಸ್ತೆಯಲ್ಲಿ’ ಎಂದಿರಲ್ಲ, ಎಂಟು ವಾರದ ಮರಿಯನ್ನೇ? ಮರಿಗಳಿಗೆ ವಾಂತಿ-ಭೇದಿ ತಂದು ಜೀವ ತೆಗೆಯುವ ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅದರ ಲಸಿಕೆಯನ್ನು 6ರಿಂದ 8 ವಾರಕ್ಕೆ ಶುರುಮಾಡಿ, ಮೂರು-ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಹಾಕಿಸಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಅಲ್ಲಿಯವರೆಗೆ ಬೀದಿನಾಯಿಗಳು ಓಡಾಡುವ ನೆಲಕ್ಕೆ ಮರಿಯ ಕಾಲು ತಾಗಬಾರದು.

ಅಂಕೋಲೆಯ ಅಕ್ಕ:
ತೋಟದ ಮನೆಯ ರಸ್ತೆಯನ್ನು ಬಸ್ ನಿಲ್ದಾಣ ಎಂದುಕೊಂಡಿರೇ? ಅಲ್ಲಿ ದಿನಕ್ಕೆ ಎರಡು ಬೈಕು ಹೋದರೆ ಹೆಚ್ಚು. ಅಷ್ಟು ಹೆದರಿಕೆಯಾದರೆ ಮರಿಯನ್ನು ತೋಳಿನಲ್ಲಿ ಎತ್ತಿಕೊಳ್ಳಲಿ.

ಬೈತಖೋಲದವ:
ಅದೆಲ್ಲ ಇರಲಿ, ಏಳು ವರ್ಷ ಅನ್ನ-ಮಜ್ಜಿಗೆಯೇ? ಕಾಳುವಿನ ಕಸುವು ಹೋದದ್ದು ವಯಸ್ಸಿನಿಂದಲ್ಲ ಮಾರಾಯರೇ, ಮಜ್ಜಿಗೆಯಿಂದ. ನಮ್ಮ ಕಾರವಾರದ ನಾಯಿಗಳು ತಾರ್ಲೆ ಮೀನು ತಿನ್ನುತ್ತವೆ. ಮೈಮೇಲಿನ ಹೊಳಪು ನೋಡಲು ಒಮ್ಮೆ ಬಂದರಿಗೆ ಬನ್ನಿ. ಇರುವ ನಾಯಿಗೆ ಸರಿಯಾಗಿ ಊಟ ಹಾಕಿ, ಎರಡನೆಯದು ಬೇಕೇ ಎಂದು ಆಮೇಲೆ ಯೋಚಿಸಿ.

ಘಟ್ಟದ ಮೇಲಿನವ, ಯಲ್ಲಾಪುರ:
‘ಮಜ್ಜಿಗೆಯಿಂದ’ ಅಂತೆ! ನಾಯಿ ತೋಳವಲ್ಲ ಸ್ವಾಮಿ. ಮನುಷ್ಯನ ಜೊತೆ ಬದುಕಿ ಬದುಕಿ ಪಿಷ್ಟವನ್ನು ಜೀರ್ಣಿಸಿಕೊಳ್ಳುವ ವಂಶವಾಹಿ ಅದರಲ್ಲಿ ಹೆಚ್ಚಾಗಿದೆ. 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲೇ ಬಂದಿದೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ನಾಯಿಗಳು ಅನ್ನ ತಿಂದೇ ಹದಿಮೂರು, ಹದಿನಾಲ್ಕು ವರ್ಷ ಬಾಳಿವೆ.

ಬೈತಖೋಲದವ:
ಪಿಷ್ಟ ಜೀರ್ಣವಾಗುತ್ತದೆ ಎಂದರೆ ಪಿಷ್ಟವೊಂದೇ ಸಾಕು ಎಂದು ಆ ಪತ್ರಿಕೆ ಹೇಳಿತೇ? ನನಗೂ ಹಲಸಿನ ಹಣ್ಣಿನ ಕಡುಬು ಜೀರ್ಣವಾಗುತ್ತದೆ. ಹಾಗೆಂದು ವರ್ಷವಿಡೀ ಅದನ್ನೇ ತಿನ್ನುತ್ತೇನೆಯೇ? ಬೆಳೆಯುವ ಮರಿಗೆ ಪ್ರೋಟೀನ್ ಬೇಕು.

ಹೊನ್ನಾವರದ ಓದುಗ:
ತಾರ್ಲೆಯನ್ನು ಬೇಯಿಸಿ ಹಾಕುತ್ತೀರೋ, ಹಸಿಯಾಗಿಯೋ? ಕೆಲವು ಹಸಿ ಮೀನುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವ ಇರುತ್ತದೆ, ಬಿ1 ಜೀವಸತ್ವವನ್ನು ಕೆಡಿಸುತ್ತದೆ. ಬೇಯಿಸಿದರೆ ತೊಂದರೆಯಿಲ್ಲ.

ಬೈತಖೋಲದವ:
ಬಂದರಿನ ನಾಯಿಗೆ ಬೇಯಿಸಿ ಬಡಿಸಲು ಯಾರಿಗೆ ಪುರಸೊತ್ತು?

ಘಟ್ಟದ ಮೇಲಿನವ, ಯಲ್ಲಾಪುರ:
ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ನಿಮ್ಮ ಹೊಳಪಿನ ನಾಯಿಗಳಿಗೆ ಉಪವಾಸ ವ್ರತವೇ?

ಬೈತಖೋಲದವ:
ಒಣಮೀನು ಎಂಬುದೊಂದಿದೆ. ಘಟ್ಟದ ಮೇಲೆ ಗೊತ್ತಿರಲಿಕ್ಕಿಲ್ಲ.

ಹೊನ್ನಾವರದ ಓದುಗ:
ಅಷ್ಟು ಉಪ್ಪು ನಾಯಿಗೆ ಒಳ್ಳೆಯದಲ್ಲ.

ಘಟ್ಟದ ಮೇಲಿನವ, ಯಲ್ಲಾಪುರ:
ಕೇಳಿದಿರಾ? ಉಪ್ಪು!

ಅಂಕೋಲೆಯ ಅಕ್ಕ:
ಊಟ ಬೇರೆ ಬೇರೆ ಕಡೆ ಹಾಕಿ ಎಂದು ನಾನು ಹೇಳಿದ್ದು ಸುಮ್ಮನೆ ಅಲ್ಲ. ನಿಮ್ಮಿಬ್ಬರಿಗೂ ಅನ್ವಯಿಸುತ್ತದೆ.

ತೋಟದ ಮನೆ, ಶಿರಸಿ:
ಮೀನು ನಮ್ಮ ಮನೆಯ ಮೆಟ್ಟಿಲು ಹತ್ತುವುದಿಲ್ಲ, ಆ ಮಾತು ಬಿಡಿ. ಪ್ರೋಟೀನ್ ಬೇಕೆಂದರೆ ಕಾಳು ತೋಟದಲ್ಲಿ ಇಲಿ ಹಿಡಿಯುತ್ತಾನೆ.

ಬೈತಖೋಲದವ:
‘ಇಲಿ ಹಿಡಿಯುತ್ತಾನೆ’! ಇಷ್ಟು ಹೊತ್ತು ಮಜ್ಜಿಗೆಯ ಮಹಿಮೆ ಕೇಳಿದ್ದಾಯಿತು, ಈಗ ಹೊರಬಿತ್ತು ನೋಡಿ.

ಘಟ್ಟದ ಮೇಲಿನವ, ಯಲ್ಲಾಪುರ:
ಇಲಿ ಹಿಡಿಯುವುದು ಅವನ ಕೆಲಸ. ಅದನ್ನು ಊಟ ಎಂದವರು ಯಾರು?

ಬೈತಖೋಲದವ:
ಹಿಡಿದ ಇಲಿಗೆ ದಹನ ಸಂಸ್ಕಾರ ಮಾಡಿಸುತ್ತಾನೆಯೇ?

ಕಾಡಂಚು, ಜೋಯಿಡಾ:
ಮೀನು, ಮಜ್ಜಿಗೆ, ಇಲಿ. ಚಿರತೆಯ ಹೆಸರನ್ನು ಒಬ್ಬರಾದರೂ ಎತ್ತಿದಿರಾ? ನನ್ನ ಮನೆಯಲ್ಲೂ ಒಂದಿತ್ತು, ಜೊತೆಗಿರಲಿ ಎಂದು ಇನ್ನೊಂದನ್ನು ತಂದೆ. ಎರಡಾದ ಮೇಲೆ ಅವುಗಳ ಧೈರ್ಯ ಹೆಚ್ಚಿತು. ಒಂದೇ ಇದ್ದಾಗ ಅಂಗಳದ ಅಂಚಿನಲ್ಲಿ ನಿಂತು ಬೊಗಳುತ್ತಿದ್ದ ನಾಯಿ, ಜೊತೆ ಸಿಕ್ಕ ಮೇಲೆ ಬೆಟ್ಟದೊಳಗೆ ಓಡತೊಡಗಿತು. ಒಂದೇ ಮಳೆಗಾಲದಲ್ಲಿ ಎರಡೂ ಹೋದವು. ಎರಡನೆಯದು ಜಗಲಿಯಿಂದಲೇ ಹೋಯಿತು. ಬೆಳಿಗ್ಗೆ ನೋಡಿದರೆ ಸರಪಳಿ ಮಾತ್ರ ಇತ್ತು. ಕಟ್ಟಿಹಾಕಿದ ನಾಯಿ ಓಡಲಾರದು ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ಕತ್ತಲಾಗುವ ಮೊದಲು ಎರಡನ್ನೂ ಕೂಡಿಹಾಕಲು ಗಟ್ಟಿ ಜಾಲರಿಯ ಗೂಡು ಮಾಡಿಸಿ, ಮೇಲ್ಭಾಗವನ್ನೂ ಮುಚ್ಚಿಸಿ. ಉಳಿದದ್ದೆಲ್ಲ ಆಮೇಲೆ.

ಘಟ್ಟದ ಮೇಲಿನವ, ಯಲ್ಲಾಪುರ:
‘ಉಳಿದದ್ದೆಲ್ಲ ಆಮೇಲೆ’ ಎಂದರೆ ಊಟವೂ ಆಮೇಲೆಯೇ?

ಕಾಡಂಚು, ಜೋಯಿಡಾ:
ನಿಮಗೆ ತಮಾಷೆ. ನನಗಲ್ಲ.

ಹೊನ್ನಾವರದ ಓದುಗ:
ಗೂಡಿನ ಮಾತು ಬಂದದ್ದಕ್ಕೆ ಕೇಳುತ್ತೇನೆ, ಕಾಳುವಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ? ಹೆಣ್ಣು ಮರಿ ಆರು ತಿಂಗಳು ದಾಟಿದರೆ ಬೆದೆಗೆ ಬರಬಹುದು. ಅಲ್ಲಿಂದ ಸುಮಾರು 63 ದಿನಕ್ಕೆ ನೀವು ಎರಡಲ್ಲ, ಏಳೆಂಟು ನಾಯಿಗಳಿಗೆ ಸಿದ್ಧತೆ ಮಾಡಿಕೊಳ್ಳಬೇಕಾಗುತ್ತದೆ. ಸಿದ್ದಾಪುರದ ಮರಿ ಎಂದಿರಿ. ಅದು ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಸೀಮೆ, ಮೈಮೇಲೆ ಉಣುಗು ಇದೆಯೇ ಎಂದು ಕಿವಿಯ ಒಳಗೆ, ಬೆರಳಿನ ಸಂದಿಯಲ್ಲಿ ನೋಡಿಯೇ ಗಾಡಿಗೆ ಹತ್ತಿಸಿ.

ಅಂಕೋಲೆಯ ಅಕ್ಕ:
ಗಾಡಿ ಎಂದಿರಾ? ರಸ್ತೆಗೆ ಕಾಲು ತಾಗಬಾರದ ಮರಿಯನ್ನು ಈಗ ಗಾಡಿಯಲ್ಲಿ ಕರೆತರಬಹುದೋ?

ತೋಟದ ಮನೆ, ಶಿರಸಿ:
ಗೂಡಿಗೆ ಅಳತೆ ಕೊಟ್ಟು ಬಂದೆ, ಜೋಯಿಡಾದವರಿಗೆ ಕೃತಜ್ಞತೆಗಳು. ಕಾಳುವನ್ನು ಪಶುವೈದ್ಯರಿಗೆ ತೋರಿಸುತ್ತೇನೆ. ಭಾನುವಾರ ಮರಿ ಬರುತ್ತದೆ, ತೋಳಿನಲ್ಲೇ ಎತ್ತಿಕೊಂಡು ಗೇಟಿನ ಹೊರಗೆ ಭೇಟಿ ಮಾಡಿಸುತ್ತೇನೆ. ಮರಿಗೆ ಮೊಟ್ಟೆ ಹಾಕಲು ಆಯಿ ಒಪ್ಪಿದ್ದಾಳೆ. ಆದರೆ ಕೊಟ್ಟಿಗೆಯ ಹಿಂದೆ, ಬೇರೆ ಪಾತ್ರೆಯಲ್ಲಿ ಬೇಯಿಸಬೇಕಂತೆ.

ಬೈತಖೋಲದವ:
ಮೊಟ್ಟೆಗೆ ಒಪ್ಪಿದರು ಎಂದರೆ ನನ್ನ ಮಾತೇ ನಿಂತಿತು.

ಘಟ್ಟದ ಮೇಲಿನವ, ಯಲ್ಲಾಪುರ:
ಮೊಟ್ಟೆ ಮೀನಲ್ಲ.